‘ಇದೆ’ ಎಂದಿದ್ದೆ

ಪಿಎಚ್‌ಡಿಗೆ ಸೇರುವ ಮುಂಚೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಕ್ವಾಂಟ್ ಅನಲಿಸ್ಟ್ ಆಗಿದ್ದೆ. ಕೇಳಿದವರಿಗೆ ಅಮ್ಮ “ಬ್ಯಾಂಕಿನ ಥರದ್ದೇ ಕೆಲಸ” ಎನ್ನುತ್ತಿದ್ದಳು. ನಾವು ಮಾಡುತ್ತಿದ್ದುದು ಕ್ರಿಪ್ಟೋ ನಾಣ್ಯಗಳ ಸೂಚ್ಯಂಕ. ಸೆನ್ಸೆಕ್ಸಿನಲ್ಲಿ 30 ಕಂಪನಿಗಳಿರುವ ಹಾಗೆ ನಮ್ಮ ಪಟ್ಟಿಯಲ್ಲಿ ಬಿಟ್‌ಕಾಯಿನ್, ಇಥೀರಿಯಂ ಮತ್ತಿತರ ನಾಣ್ಯಗಳು. ಒಂದೊಂದರ ಬೆಲೆಯನ್ನು ಚಲಾವಣೆಯಲ್ಲಿರುವ ಸಂಖ್ಯೆಯಿಂದ ಗುಣಿಸಿ, ಎಲ್ಲ ಕೂಡಿಸಿ, ಒಂದು ಭಾಜಕದಿಂದ ಭಾಗಿಸಿದರೆ ಸೂಚ್ಯಂಕ. ಶೇರುಪೇಟೆ ಮಧ್ಯಾಹ್ನ 3.30ಕ್ಕೆ ಬಾಗಿಲು ಹಾಕುತ್ತದೆ. ಇದಕ್ಕೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ.

2022ರ ಶಿವರಾತ್ರಿಗೆ ಊರಿಗೆ ಹೋಗಿದ್ದೆ. ಚಿಕ್ಕಪ್ಪನ ಮಗ ಸಾಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. “ಅಕ್ಕಾ, ಲೂನಾ ನಿಮ್ಮ ಲಿಸ್ಟಲ್ಲಿ ಇದೆಯಾ?” ಎಂದ. “ಇದೆ” ಎಂದೆ. ಎಲೆ ಅಡಿಕೆ ಹಾಕುತ್ತಿದ್ದ ಚಿಕ್ಕಪ್ಪ, “ಲೂನಾ ಈಗ್ಲೂ ಬರ್ತದಾ? ಒಳ್ಳೇ ಗಾಡಿ” ಎಂದರು. ಎಲ್ಲರೂ ನಕ್ಕೆವು.

ನಮ್ಮ ಪಟ್ಟಿಗೆ ಸೇರಲು ನಾಣ್ಯ ಒಳ್ಳೆಯದೇ ಆಗಿರಬೇಕೆಂದಿರಲಿಲ್ಲ. ದೊಡ್ಡದಾಗಿದ್ದು, ಸಾಕಷ್ಟು ಕೊಳ್ಳುವವರು ಮಾರುವವರು ಇದ್ದರಾಯಿತು. ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು. ನಾನು ಹೇಳಲಿಲ್ಲ.

ಮೇ ತಿಂಗಳಲ್ಲಿ ಲೂನಾ ಕುಸಿಯಿತು. ಸದಾ ಒಂದು ಡಾಲರಿಗೆ ನಿಲ್ಲಬೇಕಿದ್ದ ಅದರ ಜೊತೆಯ ನಾಣ್ಯ ಯುಎಸ್‌ಟಿ ಜಾರಿದಾಗ, ಅದನ್ನೆತ್ತಲು ವ್ಯವಸ್ಥೆ ತಾನಾಗಿಯೇ ಹೊಸ ಲೂನಾಗಳನ್ನು ಹುಟ್ಟಿಸುತ್ತಾ ಹೋಯಿತು. ಸುಮಾರು 35 ಕೋಟಿ ಇದ್ದದ್ದು ಕೆಲವೇ ದಿನಗಳಲ್ಲಿ 6.5 ಲಕ್ಷ ಕೋಟಿಯಾಯಿತು. ತಿಂಗಳ ಮೊದಲಲ್ಲಿ 80 ಡಾಲರಿನ ಆಸುಪಾಸಿದ್ದ ಬೆಲೆ 13ನೇ ತಾರೀಕಿಗೆ ಒಂದು ಸೆಂಟಿಗೂ ಕೆಳಗಿತ್ತು. ರಾತ್ರಿಯಿಡೀ ನನಗೆ ಒಂದೇ ಚಿಂತೆ: ಯಾವ ಸಂಖ್ಯೆಯಿಂದ ಗುಣಿಸಬೇಕು? ಬೆಲೆ ಈ ನಿಮಿಷದ್ದು, ಸಂಖ್ಯೆ ನಿನ್ನೆಯದು.

ಕಡೆಗೆ ಲೂನಾವನ್ನು ಪಟ್ಟಿಯಿಂದ ತೆಗೆದೆವು. ಒಂದು ನಾಣ್ಯ ಹೋದಾಗ ಸೂಚ್ಯಂಕ ಜಿಗಿಯಬಾರದೆಂದು ಭಾಜಕವನ್ನು ಬದಲಿಸಬೇಕು. ಆ ಲೆಕ್ಕ ಮಾಡಿದವಳು ನಾನೇ. ಮರುದಿನದ ಗೆರೆ ಏನೂ ಆಗಿಲ್ಲವೆಂಬಂತೆ ಮುಂದುವರಿಯಿತು. ಮ್ಯಾನೇಜರ್ “ಕ್ಲೀನ್” ಎಂದರು.

ಅಂದು ಸಂಜೆ ತಮ್ಮನ ಫೋನು. “ಅಕ್ಕಾ, ಮತ್ತೆ ಮೇಲೆ ಬರ್ತದಾ?” ಅವನು ಹಾಕಿದ್ದು ನಾಲ್ಕು ಲಕ್ಷ, ಅಂಗಡಿ ದೊಡ್ಡದು ಮಾಡಲೆಂದು ಚಿಕ್ಕಪ್ಪ ಕೊಟ್ಟಿದ್ದ ಅಡಿಕೆ ದುಡ್ಡು. “ನಿಮ್ಮ ಲಿಸ್ಟಲ್ಲಿತ್ತಲ್ಲ” ಎಂದ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

ಈಗ ನನ್ನ ಸಂಶೋಧನೆ ಸೂಚ್ಯಂಕಗಳಿಂದ ಹೊರಬಿದ್ದ ನಾಣ್ಯಗಳ ಬಗ್ಗೆ. ಉಳಿದವುಗಳನ್ನಷ್ಟೇ ಎಣಿಸಿದರೆ ಎಲ್ಲ ಹೂಡಿಕೆಯೂ ಜಾಣತನದ್ದಾಗಿ ಕಾಣುತ್ತದೆ. ಸೆಮಿನಾರಿನಲ್ಲಿ ಇದನ್ನು ಚೆನ್ನಾಗಿಯೇ ವಿವರಿಸುತ್ತೇನೆ.

ಹೋದ ಸಲ ಊರಲ್ಲಿ ಚಿಕ್ಕಪ್ಪ ನನ್ನನ್ನು ಅಂಗಳಕ್ಕೆ ಕರೆದರು. “ಇವನಿಗೆ ಅಂಗಡೀಲಿ ಏನೋ ಲುಕ್ಸಾನಾಗಿದೆ, ಬಾಯಿ ಬಿಡೋದಿಲ್ಲ. ನೀನು ಲೆಕ್ಕ ಓದಿದವಳು, ಸ್ವಲ್ಪ ಬುದ್ಧಿ ಹೇಳೇ” ಎಂದರು.

ಒಳಗೆ ಅವನು ಟಿವಿ ನೋಡುತ್ತಿದ್ದ. “ಹೇಳ್ತೀನಿ ಚಿಕ್ಕಪ್ಪ” ಎಂದೆ.