ಕೊಲಂಬಸ್ ಪಟ್ಟಣದಲ್ಲಿ ಕಂಡ ಒಂದು ಜೀರ್ಣೋದ್ಧಾರ

ಸವೆದುದನ್ನು, ಶಿಥಿಲವಾದುದನ್ನು ಮತ್ತೆ ಎತ್ತಿ ನಿಲ್ಲಿಸುವ ಕಾರ್ಯಕ್ಕೆ ನಮ್ಮ ಹಿರಿಯರು ಜೀರ್ಣೋದ್ಧಾರವೆಂದು ಹೆಸರಿಟ್ಟರು. ಈ ಶಬ್ದವನ್ನು ನಾವು ಗುಡಿಗೆ ಬಳಸುತ್ತೇವೆ, ಕೆರೆಗೆ ಬಳಸುತ್ತೇವೆ, ಮಠದ ಕಟ್ಟಡಕ್ಕೆ ಬಳಸುತ್ತೇವೆ. ಮೋಟಾರು ಬಂಡಿಯೊಂದಕ್ಕೆ ಅದನ್ನು ಬಳಸಬಹುದೆಂದು ನನಗೆ ಎಂದೂ ತೋರಿರಲಿಲ್ಲ. ಕಳೆದ ವರ್ಷ ಅಮೆರಿಕೆಯ ಇಂಡಿಯಾನಾ ರಾಜ್ಯದ ಕೊಲಂಬಸ್ ಪಟ್ಟಣದಲ್ಲಿ ಮೂರು ತಿಂಗಳು ಇದ್ದು ಬಂದ ಮೇಲೆ ಆ ಎಣಿಕೆ ಬದಲಾಯಿತು.

ನನ್ನ ತಮ್ಮನ ಮಗ ಆ ಊರಿನಲ್ಲಿ ಇಂಜಿನಿಯರನಾಗಿದ್ದಾನೆ. ಇಂಡಿಯಾನಾಪೊಲಿಸ್ ನಗರದಿಂದ ದಕ್ಷಿಣಕ್ಕೆ ಒಂದು ಗಂಟೆಯ ದಾರಿ. ಇಕ್ಕೆಲಗಳಲ್ಲಿ ಕಣ್ಣು ಹಾಯುವವರೆಗೆ ಗೋವಿನಜೋಳ ಮತ್ತು ಸೋಯಾ ಬೆಳೆ. ನಡುನಡುವೆ ಕಾಳು ತುಂಬುವ ಎತ್ತರದ ಉಕ್ಕಿನ ಕಣಜಗಳು. ಬಯಲುಸೀಮೆಯಲ್ಲಿ ಹುಟ್ಟಿದ ನನಗೆ ಆ ನೆಲ ಅಪರಿಚಿತವೆನಿಸಲಿಲ್ಲ. ಸುಮಾರು 50 ಸಾವಿರ ಜನವಸತಿಯ ಈ ಪಟ್ಟಣವು ಎರಡು ಕಾರಣಗಳಿಗೆ ಹೆಸರಾದುದು. ಒಂದು, ಇಲ್ಲಿಯ ಕಟ್ಟಡಗಳು. ಇನ್ನೊಂದು, ಇಲ್ಲಿ ಹುಟ್ಟಿದ ಕಮಿನ್ಸ್ ಡೀಸೆಲ್ ಇಂಜಿನ್.

ಕಟ್ಟಡಗಳ ಕಥೆ ಚಿಕ್ಕದಾಗಿ ಹೇಳಬಹುದು. ಎಲಿಯೆಲ್ ಸಾರಿನೆನ್ ರೂಪಿಸಿದ ಚರ್ಚು 1942ರಲ್ಲಿ ಮುಗಿಯಿತು. ಅವರ ಮಗ ಈರೊ ಸಾರಿನೆನ್ ರೂಪಿಸಿದ, ಮುಗಿಲಿಗೆ ಚುಚ್ಚುವಂತಹ ಶಿಖರವುಳ್ಳ ಇನ್ನೊಂದು ಚರ್ಚು 1964ರಲ್ಲಿ ಎದ್ದಿತು. ಕಮಿನ್ಸ್ ಕಂಪನಿಯ ಹಿರಿಯರಾಗಿದ್ದ ಜೆ. ಇರ್ವಿನ್ ಮಿಲ್ಲರ್ ಅವರು, ಶಾಲೆ ಮೊದಲಾದ ಸಾರ್ವಜನಿಕ ಕಟ್ಟಡಗಳಿಗೆ ಒಳ್ಳೆಯ ವಾಸ್ತುಶಿಲ್ಪಿಗಳನ್ನು ಕರೆಸಿದರೆ ಅವರ ಸಂಭಾವನೆಯನ್ನು ಕಂಪನಿಯ ಪ್ರತಿಷ್ಠಾನವೇ ಕೊಡುವ ಏರ್ಪಾಡು ಮಾಡಿದರು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಮಾತ್ರ ಕಂಪನಿಯ ಮುಖ್ಯ ಕಚೇರಿ. ಕೆವಿನ್ ರೋಶ್ ಎಂಬ ಶಿಲ್ಪಿ 1980ರ ದಶಕದಲ್ಲಿ ಅದನ್ನು ರೂಪಿಸುವಾಗ, ಆ ನಿವೇಶನದಲ್ಲಿದ್ದ 19ನೆಯ ಶತಮಾನದ ಇಟ್ಟಿಗೆಯ ಗಿರಣಿಯೊಂದನ್ನು ಕೆಡವಲಿಲ್ಲ. ಗೋವಿನಜೋಳದಿಂದ ಅವಲಕ್ಕಿಯಂತಹ ತಿನಿಸು ಮಾಡುತ್ತಿದ್ದ ಆ ಹಳೆಯ ಗಿರಣಿಯನ್ನು ಹೊಸ ಕಟ್ಟಡದ ಮಡಿಲಿನಲ್ಲಿಯೇ ಉಳಿಸಿಕೊಂಡರು. ಹಳೆಯದು ಹೊಸದಕ್ಕೆ ಅಡ್ಡಿಯಾಗದೆ, ಹೊಸದು ಹಳೆಯದನ್ನು ನುಂಗದೆ ನಿಂತಿರುವ ಆ ನೋಟವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇಂಜಿನ್ನಿನ ಕಥೆ ಇನ್ನೂ ಸ್ವಾರಸ್ಯವಾದುದು. ಶಾಲೆಯ ಓದು ಹೆಚ್ಚಿಲ್ಲದ ಕ್ಲೆಸ್ಸಿ ಕಮಿನ್ಸ್ ಎಂಬವರು ಈ ಊರಿನ ಬ್ಯಾಂಕಿನ ಒಡೆಯರಾದ ಡಬ್ಲ್ಯು. ಜಿ. ಇರ್ವಿನ್ ಅವರ ಮನೆಯಲ್ಲಿ ಕಾರು ಚಾಲಕರಾಗಿ, ಯಂತ್ರ ದುರಸ್ತಿ ಮಾಡುವವರಾಗಿ ಇದ್ದರು. ಯಜಮಾನರ ಹಣ, ಚಾಲಕರ ಬುದ್ಧಿ ಕೂಡಿ 1919ರಲ್ಲಿ ಕಂಪನಿ ಹುಟ್ಟಿತು. ಹತ್ತು ವರ್ಷ ಹಣ ಹೋಯಿತೇ ಹೊರತು ಬರಲಿಲ್ಲ. 1929ರ ಆರ್ಥಿಕ ಕುಸಿತದ ಬಳಿಕ ಕಾರ್ಖಾನೆ ಮುಚ್ಚುವ ಮಾತು ಬಂದಾಗ, ಕ್ಲೆಸ್ಸಿ ಒಂದು ಹಳೆಯ ಪ್ಯಾಕರ್ಡ್ ಕಾರನ್ನು ಕೊಂಡು, ಅದರ ಪೆಟ್ರೋಲ್ ಇಂಜಿನ್ ತೆಗೆದು ತಮ್ಮ ಡೀಸೆಲ್ ಇಂಜಿನ್ನನ್ನು ಕೂರಿಸಿದರು. ಆ ವರ್ಷದ ಕ್ರಿಸ್‌ಮಸ್ ದಿನ ಯಜಮಾನರನ್ನು ಅದರಲ್ಲಿ ಕೂರಿಸಿಕೊಂಡು ಸುತ್ತಾಡಿಸಿದರು. ಯಜಮಾನರ ಮನಸ್ಸು ತಿರುಗಿತು. 1930ರ ಜನವರಿಯಲ್ಲಿ ಅದೇ ಕಾರು ನ್ಯೂಯಾರ್ಕಿನವರೆಗೆ ಸುಮಾರು 800 ಮೈಲಿ ಓಡಿತು. ಇಂಧನಕ್ಕೆ ತಗುಲಿದ ವೆಚ್ಚ 1 ಡಾಲರ್ 38 ಸೆಂಟ್. ಮರುವರ್ಷ ಇಂಡಿಯಾನಾಪೊಲಿಸ್‌ನ 500 ಮೈಲಿ ಪಂದ್ಯದಲ್ಲಿ ಡೂಸೆನ್‌ಬರ್ಗ್ ಕಾರಿನ ಚೌಕಟ್ಟಿಗೆ ಈ ಇಂಜಿನ್ ಹೊಂದಿಸಿ ಓಡಿಸಿದರು. ಗೆಲ್ಲಲಿಲ್ಲ, 13ನೆಯದಾಗಿ ಬಂದಿತು. ಆದರೆ ಇಂಧನಕ್ಕಾಗಿ ಒಮ್ಮೆಯೂ ನಿಲ್ಲದೆ ಇಡೀ ಪಂದ್ಯವನ್ನು ಮುಗಿಸಿತು. ಹಳೆಯ ಬಂಡಿಗೆ ಡೀಸೆಲ್ ಇಂಜಿನ್ ಹಾಕುವ ಕೆಲಸವೇ ಆ ಕಾರ್ಖಾನೆಯ ಪ್ರಾಣ ಉಳಿಸಿತೆಂದರೆ ತಪ್ಪಾಗದು.

ಈ ಹೆಸರು ನಮಗೂ ದೂರದ್ದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವೇ 1962ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಕಾರ್ಖಾನೆಯನ್ನು ಕಟ್ಟಿತು. ಬಾವಿಯ ದಂಡೆಯ ಮೇಲೆ ಕಿರ್ಲೋಸ್ಕರ್ ಇಂಜಿನ್ನಿನ ಸದ್ದು ಕೇಳುತ್ತ ಬೆಳೆದ ನನ್ನ ತಲೆಮಾರಿನವರಿಗೆ ಡೀಸೆಲ್ ಎಂಬುದು ಬೆಳೆಗೆ ನೀರು ಕುಡಿಸಿದ ದನಿ.

ಇನ್ನು ಬಂಡಿಯ ವಿಷಯಕ್ಕೆ ಬರುತ್ತೇನೆ. “ದೊಡ್ಡಪ್ಪಾ, ಕಟ್ಟಡ ನೋಡಿದ್ದು ಸಾಕು. ನಮ್ಮ ನೆರೆಮನೆಯ ಅಜ್ಜಾರು ಮೂರು ವರ್ಷದಿಂದ ಒಂದು ಕೆಲಸ ಹಿಡಿದಾರ, ಅದನ್ನ ನೋಡ್ರಿ” ಎಂದು ಮಗ ಒಂದು ಶನಿವಾರ ನನ್ನನ್ನು ಕರೆದೊಯ್ದನು. ಊರಾಚೆಯ ಹೊಲದ ಮನೆ. ಅದರ ಹಿಂದೆ ದೊಡ್ಡದೊಂದು ತಗಡಿನ ಕೊಟ್ಟಿಗೆ. ಎಪ್ಪತ್ತೈದರ ಹಿರಿಯರು ಎಣ್ಣೆಗೈಯನ್ನು ಒರೆಸಿಕೊಳ್ಳುತ್ತ ಬಂದು ಕೈಕುಲುಕಿದರು. ಒಳಗೆ ನಿಂತಿದ್ದುದು 1950ರ ಡಾಡ್ಜ್ ಪಿಕಪ್. ಮುಂದೆ ಮೂವರು ಕೂರುವ ಕೋಣೆ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಸುತ್ತಲೂ ಅಗಲವಾದ ಗಾಜು ಇದ್ದುದರಿಂದ, ಹಡಗು ನಡೆಸುವವನ ಕೋಣೆಯನ್ನು ನೆನೆದು ಕಂಪನಿಯವರು ಈ ಮಾದರಿಗೆ ‘ಪೈಲಟ್ ಹೌಸ್’ ಎಂದು ಹೆಸರಿಟ್ಟಿದ್ದರು. 1948ರಿಂದ 1953ರವರೆಗೆ ಇವು ತಯಾರಾದವು.

ಬಂಡಿ ಅವರ ತಂದೆಯದು. ಬೀಜ, ಹಂದಿ, ಹಾಲಿನ ಕ್ಯಾನು, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತುದು. ತಂದೆ ತೀರಿದ ಮೇಲೆ ಕೊಟ್ಟಿಗೆ ಸೇರಿತು. ಒಂದು ಚಳಿಗಾಲದಲ್ಲಿ ಇಂಜಿನ್ನಿನೊಳಗಿನ ನೀರು ಬಸಿಯುವುದನ್ನು ಮರೆತರು. ನೀರು ಹೆಪ್ಪುಗಟ್ಟಿದಾಗ ಸುಮಾರು ಹತ್ತರಲ್ಲೊಂದು ಪಾಲು ಹಿಗ್ಗುತ್ತದೆ; ಎರಕದ ಕಬ್ಬಿಣ ಹಿಗ್ಗಲಾರದು. ಇಂಜಿನ್ನಿನ ಮೈ ಉದ್ದಕ್ಕೂ ಸೀಳಿತು.

ಇಲ್ಲಿಯೇ ಆ ಮನೆಯಲ್ಲಿ ಮನಸ್ತಾಪ ಹುಟ್ಟಿದುದು. ಅದೇ ಮಾದರಿಯ ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ನನ್ನು ಇನ್ನೆಲ್ಲಿಂದಲೋ ತಂದು ಸರಿಪಡಿಸಿ ಹಾಕಬಹುದಿತ್ತು. ಅದು ಸಿಗದ ವಸ್ತುವೇನೂ ಅಲ್ಲ. ಹಿರಿಯರು ಹಾಗೆ ಮಾಡದೆ, ಬ್ರೆಡ್ ಹಂಚುವ ಹಳೆಯ ವ್ಯಾನೊಂದರಿಂದ ಕಮಿನ್ಸ್ ಕಂಪನಿಯ ನಾಲ್ಕು ಸಿಲಿಂಡರಿನ, 3.9 ಲೀಟರಿನ ಡೀಸೆಲ್ ಇಂಜಿನ್ನನ್ನು ಗುಜರಿಯಿಂದ ಕೊಂಡು ತಂದರು. ಎಂಬತ್ತು ದಾಟಿದ ಅವರ ಅಕ್ಕ ಇದನ್ನು ಒಪ್ಪಲಿಲ್ಲ. ಆ ಬಂಡಿಯಲ್ಲಿಯೇ ಚಾಲನೆ ಕಲಿತವರು ಅವರು. “ಅದನ್ನು ಅಪ್ಪನ ಬಂಡಿ ಎನ್ನಬೇಡ, ಅಪ್ಪನ ಬಂಡಿಯ ಚರ್ಮ ಹೊದ್ದ ಬೇರೆ ಬಂಡಿ ಎನ್ನು” ಎಂದರಂತೆ. ಮೂರು ವರ್ಷ ಅವರು ಆ ಕೊಟ್ಟಿಗೆಗೆ ಕಾಲಿಡಲಿಲ್ಲ.

ನನ್ನ ಮನಸ್ಸು ಮೊದಲು ಅಕ್ಕನ ಕಡೆಗೇ ವಾಲಿತು. ತಾಡೋಲೆಗಳ ನಡುವೆ ಬಾಳು ಕಳೆದವನು ನಾನು. ಹಳೆಯ ಪಾಠವೊಂದನ್ನು ತನಗೆ ಚೆಂದವೆಂದು ತೋರಿದಂತೆ ತಿದ್ದುವವನನ್ನು ನಮ್ಮ ಗುರುಗಳು ಕ್ಷಮಿಸುತ್ತಿರಲಿಲ್ಲ. ಆದರೂ ಕೆಲಸ ನೋಡುವ ಕುತೂಹಲದಿಂದ ಪ್ರತಿ ಶನಿವಾರ ಹೋಗತೊಡಗಿದೆನು.

ನೋಡುತ್ತ ಹೋದಂತೆ ತಿಳಿದುದು ಇದು: ಒಂದನ್ನು ಬದಲಿಸಿದವನು ಅದನ್ನು ಹೊರುವ ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ; ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿಗೇ ಎಣ್ಣೆಯನ್ನು ಸಿಂಪಡಿಸಿ ಉರಿಸುವುದು ಅದರ ಕ್ರಮ. ಆ ಒತ್ತಡವನ್ನು ತಾಳಲು ಮೈ ದಪ್ಪಗಿರಬೇಕು. ಈ ಇಂಜಿನ್ ಸುಮಾರು 340 ಕಿಲೋ ತೂಗುತ್ತದೆ, ಹಳೆಯದಕ್ಕಿಂತ ಭಾರ. ಆದುದರಿಂದ ಮುಂದಿನ ಸ್ಪ್ರಿಂಗಿಗೆ, ನಮ್ಮ ಲಾರಿಯವರು ಪಾಟಾ ಎನ್ನುವುದಕ್ಕೆ, ಒಂದೊಂದು ಎಲೆ ಹೆಚ್ಚಿಗೆ ಸೇರಿತು. ನಾಲ್ಕು ಸಿಲಿಂಡರಿನ ಈ ಇಂಜಿನ್ ಬಹಳ ನಡುಗುವ ಜಾತಿಯದು. ಮೆತ್ತನೆಯ ರಬ್ಬರಿನ ಆಧಾರಗಳ ಮೇಲೆ ಕೂರಿಸದಿದ್ದರೆ ಬಂಡಿಯ ಬೋಲ್ಟುಗಳೆಲ್ಲ ಸಡಿಲವಾಗುತ್ತವೆ.

ಹಳೆಯ ಇಂಜಿನ್ ನಿಮಿಷಕ್ಕೆ 3600 ಸುತ್ತಿನಲ್ಲಿ 95 ಕುದುರೆಬಲ ಕೊಡುತ್ತಿತ್ತು. ಇದು 2500 ಸುತ್ತಿನಲ್ಲಿ 105 ಕೊಡುತ್ತದೆ. ಬಲದ ಅಂಕಿಗಳು ಹತ್ತಿರವಾದರೂ ನಡೆ ಬೇರೆ. ಹೊಸದು ಮೆಲ್ಲಗೆ ತಿರುಗಿ ಜೋರಾಗಿ ಎಳೆಯುವ ಎತ್ತು. ಹಳೆಯ ಗೇರುಗಳನ್ನೇ ಇಟ್ಟುಕೊಂಡರೆ ಗಂಟೆಗೆ 50 ಮೈಲಿಯ ಹತ್ತಿರವೇ ಅದರ ಸುತ್ತು ಮುಗಿದುಹೋಗುತ್ತದೆ. ಆದುದರಿಂದ ಐದು ಗೇರಿನ ಬೇರೆ ಪೆಟ್ಟಿಗೆ ಬೇಕಾಯಿತು. ವೇಗ ಹೆಚ್ಚಿದ ಮೇಲೆ ನಿಲ್ಲಿಸುವ ಶಕ್ತಿಯೂ ಹೆಚ್ಚಬೇಕು. ಮುಂದಿನ ಗಾಲಿಗಳಿಗೆ ಡ್ರಮ್ ಬ್ರೇಕಿನ ಬದಲು ಡಿಸ್ಕ್ ಬ್ರೇಕ್ ಬಂದಿತು. ಒಂದು ಕೊಳವೆ ಒಡೆದರೂ ಇನ್ನೊಂದು ಹಿಡಿಯುವಂತೆ ಬ್ರೇಕ್ ಎಣ್ಣೆಯ ದಾರಿ ಎರಡಾಯಿತು. 6 ವೋಲ್ಟಿನ ವಿದ್ಯುತ್ ವ್ಯವಸ್ಥೆ 12 ವೋಲ್ಟಿಗೆ ಏರಿತು. ಉರಿಯದೆ ಉಳಿದ ಎಣ್ಣೆ ಮರಳಿ ಟ್ಯಾಂಕಿಗೆ ಬರಲು ಹೊಸ ನಳಿಗೆ ಬೇಕಾಯಿತು. ಆ ಕಾಲದ ಪೆಟ್ರೋಲ್ ಬಂಡಿಗಳಲ್ಲಿ ಇಂಜಿನ್ನಿನ ಹೀರುವಿಕೆಯಿಂದಲೇ ಗಾಜಿನ ವೈಪರ್ ಆಡುವುದುಂಟು. ಡೀಸೆಲ್‌ಗೆ ಗಾಳಿಯನ್ನು ತಡೆಯುವ ಕದವಿಲ್ಲದ ಕಾರಣ ಆ ಹೀರುವಿಕೆಯಿಲ್ಲ. ವೈಪರಿಗೂ ವಿದ್ಯುತ್ ಮೋಟಾರು ಬಂದಿತು. ಇಂಜಿನ್ ಒಂದನ್ನು ಬದಲಿಸಹೊರಟ ಸಂಕಲ್ಪ ಮಳೆ ಒರೆಸುವ ಕಡ್ಡಿಯವರೆಗೆ ಬಂದು ಮುಟ್ಟಿತು!

ಇಷ್ಟಾದರೂ ಅವರು ಈ ಇಂಜಿನ್ನನ್ನೇ ಆರಿಸಿದುದೇಕೆ? ಇದರ ಎಣ್ಣೆ ಪಂಪು ಪೂರ್ತಿ ಯಾಂತ್ರಿಕ, ಗಣಕಯಂತ್ರದ ಹಂಗಿಲ್ಲ. ಒಮ್ಮೆ ಚಾಲೂ ಆದ ಮೇಲೆ, ಎಣ್ಣೆಯ ಬಾಗಿಲನ್ನು ತೆರೆದಿಡಲು ಒಂದು ತಂತಿಯ ವಿದ್ಯುತ್ ಸಾಕು. ರೈತನೊಬ್ಬ ತನ್ನ ಕೊಟ್ಟಿಗೆಯಲ್ಲಿ ತಾನೇ ಬಿಚ್ಚಿ ಕಟ್ಟಬಲ್ಲ ಯಂತ್ರವದು. “ನಮ್ಮ ತಂದೆ ನಿಂತ ಯಂತ್ರವನ್ನು ಸಹಿಸಿದವರಲ್ಲ. ಇದು ಜಾತ್ರೆಯಲ್ಲಿ ಮೆರೆಯಬೇಕಾದ ಉತ್ಸವಮೂರ್ತಿಯಲ್ಲ, ಕಟ್ಟಿಗೆ ಹೊರಬೇಕಾದ ಬಂಡಿ” ಎಂಬರ್ಥದ ಮಾತನ್ನು ಅವರು ಹೇಳಿದರು. ಇದಕ್ಕೊಂದು ದೋಷವೂ ಉಂಟು, ಅವರು ಮರೆಮಾಡಲಿಲ್ಲ. ಇಂತಹ ಹಳೆಯ ಡೀಸೆಲ್ ಇಂಜಿನ್ನಿನ ಹೊಗೆ ಇಂದಿನ ಇಂಜಿನ್ನುಗಳ ಹೊಗೆಗಿಂತ ಕೆಟ್ಟದ್ದು. ಹೆಚ್ಚು ಎಣ್ಣೆ ನುಗ್ಗಿಸಿ ಕರಿಹೊಗೆ ಉಗುಳಿಸುವುದೇ ಶೌರ್ಯವೆಂದು ತಿಳಿದ ಯುವಕರು ಅಲ್ಲಿಯೂ ಇದ್ದಾರೆ. ಇವರು ಆ ಗೊಡವೆಗೆ ಹೋಗದೆ ಪಂಪನ್ನು ಕಾರ್ಖಾನೆಯ ಅಳತೆಗೇ ಕಟ್ಟಿದ್ದರು.

ಈ ದಾರಿ ಹಿಡಿಯಬಯಸುವ ನಮ್ಮ ಮನೆಗಳ ತರುಣರಿಗೆ ಒಂದು ಮಾತು. ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಹಾಕುವ ರೂಢಿ ನಮ್ಮ ನಾಡಿನಲ್ಲಿಯೂ ಇದ್ದುದೇ. ಆದರೆ ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಇಂತಹ ಮಾರ್ಪಾಡನ್ನು ನಿಯಂತ್ರಿಸುತ್ತದೆ. ಸಾರಿಗೆ ಕಚೇರಿಯ ಅನುಮತಿಯಿಲ್ಲದೆ ಇಂಜಿನ್ ಬದಲಿಸಿದ ಬಂಡಿ ಎಷ್ಟು ಅಂದವಾಗಿದ್ದರೂ ಕಾನೂನಿನ ಕಣ್ಣಿಗೆ ತಪ್ಪೇ.

ಇನ್ನು ಮೈಯ ಕೆಲಸ. ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಆ ಸೀಮೆಯ ಬಂಡಿಗಳ ಕೆಳಭಾಗವನ್ನು ತಿನ್ನುತ್ತದೆ. ತುಕ್ಕು ತಿಂದ ತಗಡನ್ನು ಗಟ್ಟಿ ಲೋಹ ಸಿಕ್ಕುವವರೆಗೆ ಕತ್ತರಿಸಿ ಹೊಸ ತಗಡನ್ನು ಬೆಸೆದಿದ್ದರು. ತೊಟ್ಟಿಯ ನೆಲಕ್ಕೆ ಮೊದಲಿನಂತೆ ಮರದ ಹಲಗೆಗಳೇ. ನಡುನಡುವೆ ಉಕ್ಕಿನ ಪಟ್ಟಿಗಳು. ಆದರೆ ಮಾಸಿದ ಹಸಿರು ಬಣ್ಣವನ್ನು ಮುಟ್ಟಿರಲಿಲ್ಲ. ಬಾಗಿಲ ಮೇಲೆ ತಂದೆ ಬರೆಸಿದ್ದ ಹೊಲದ ಹೆಸರು ಅರ್ಧ ಅಳಿಸಿತ್ತು. ಅದನ್ನು ತಿದ್ದಿ ಬರೆಸಿರಲಿಲ್ಲ.

ಒಂದು ದಿನ ಅವರು ಬಾನೆಟ್ ಎತ್ತಿ, ಒಳಬದಿಗೆ ಬಡಿದಿದ್ದ ಹಿತ್ತಾಳೆಯ ತಗಡನ್ನು ತೋರಿಸಿದರು. ಏನು ತೆಗೆದರು, ಏನು ಹಾಕಿದರು, ಯಾವ ತಿಂಗಳು, ಯಾವ ವರ್ಷ, ಎಲ್ಲವನ್ನೂ ಅದರ ಮೇಲೆ ಕೆತ್ತಿದ್ದರು. ಹಳೆಯ ಚೌಕಟ್ಟಿನಲ್ಲಿ ಒಂದು ತೂತನ್ನೂ ಹೊಸದಾಗಿ ಕೊರೆಯದೆ, ಇದ್ದ ತೂತುಗಳಿಗೇ ಹೊಸ ಆಧಾರಗಳನ್ನು ಬಿಗಿದಿದ್ದರು. ಮುಂದೆ ಬಯಸುವವರು ಬಿಚ್ಚಿ ಮೊದಲಿನಂತೆ ಮಾಡಿಕೊಳ್ಳಲೆಂದು. ಸೀಳಿದ ಹಳೆಯ ಇಂಜಿನ್ ಎಣ್ಣೆ ಬಳಿದುಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ಮಣೆಯ ಮೇಲೆ ಕುಳಿತಿತ್ತು.

ಆಗ ನನಗೆ ನನ್ನ ಗುರುಗಳ ಇನ್ನೊಂದು ಪಾಠ ನೆನಪಾಯಿತು. ಓಲೆ ಮುರಿದು ಅಕ್ಷರ ನಷ್ಟವಾದಲ್ಲಿ ಸಂಪಾದಕನು ಸುಮ್ಮನಿರಬೇಕೆಂದು ಅವರು ಹೇಳಲಿಲ್ಲ. ತುಂಬಬೇಕು, ಓದು ಮುಂದುವರಿಯಬೇಕು. ಆದರೆ ತುಂಬಿದ ಅಕ್ಷರವನ್ನು ಕಂಸದೊಳಗಿಡಬೇಕು, ಇದು ನನ್ನದು, ಮೂಲದ್ದಲ್ಲವೆಂದು ಒಪ್ಪಿಕೊಳ್ಳಬೇಕು. ಆ ಹಿತ್ತಾಳೆಯ ತಗಡು ಒಂದು ಕಂಸ. ತಿದ್ದುವುದರಲ್ಲಿ ಅಲ್ಲ, ತಿದ್ದಿದುದನ್ನು ಮುಚ್ಚಿಡುವುದರಲ್ಲಿ ದ್ರೋಹವಿದೆಯೆಂಬುದನ್ನು ಕೂದಲು ನರೆತ ಮೇಲೆ ಕೊಟ್ಟಿಗೆಯೊಂದರಲ್ಲಿ ನಿಂತು ಮತ್ತೆ ಕಲಿತೆನು.

ನವೆಂಬರಿನ ಒಂದು ಬೆಳಗ್ಗೆ, ಹಿಮ ಬೀಳುವ ಮುನ್ನ, ಬಂಡಿ ಹೊರಬಂದಿತು. ಕಟಕಟನೆ ಬಡಿಯುವ ಅದರ ಸದ್ದು ನನಗೆ ನಮ್ಮೂರ ಬಾವಿಯ ದಂಡೆಯನ್ನು ನೆನಪಿಸಿತು. ಅಂದು ಅಕ್ಕನೂ ಬಂದಿದ್ದರು. ತಮ್ಮನು ತಾನೇ ಹೋಗಿ ಕರೆದು ತಂದಿದ್ದನು. ಅವರು ಕೋಲೂರಿಕೊಂಡು ಬಂಡಿಯ ಸುತ್ತ ಒಮ್ಮೆ ನಡೆದರು. ತೆರೆದ ಬಾನೆಟ್ಟಿನೊಳಗೆ ಬಗ್ಗಿ ನೋಡಿದರು, ಏನನ್ನೂ ಹೇಳಲಿಲ್ಲ. ಬಳಿಕ ಹತ್ತಿ ಕುಳಿತು ಬಾಗಿಲನ್ನು ಎಳೆದು ಹಾಕಿಕೊಂಡರು. ಬಾಗಿಲು ದಪ್ಪನೆಯ ದನಿಯಲ್ಲಿ ಮುಚ್ಚಿತು. ಅವರು ಅದನ್ನು ತೆರೆದು ಇನ್ನೊಮ್ಮೆ ಹಾಕಿದರು.

“ಇಂಜಿನ್ನಿನ ಸದ್ದು ಅಪ್ಪನ ಬಂಡಿಯದಲ್ಲ. ಬಾಗಿಲಿನ ಸದ್ದು ಅವರದೇ” ಎಂದರು. “ಇನ್ನು ಹೊರಡಿಸು, ಚಳಿಯಾಗುತ್ತಿದೆ.”

ಅಕ್ಕ ತಮ್ಮಂದಿರು ಕುಳಿತ ಆ ಬಂಡಿ ಕೊಯ್ಲಾದ ಹೊಲಗಳ ನಡುವಿನ ದಾರಿಯಲ್ಲಿ ದೂರವಾಗುವುದನ್ನು ನಾನೂ ಮಗನೂ ನಿಂತು ನೋಡಿದೆವು. ಸಂಜೆ ಅದು ಮರಳಿ ಬಂದಾಗ ಹಿಂದಿನ ತೊಟ್ಟಿಯ ತುಂಬ ಅಕ್ಕನ ಮನೆಯ ಒಲೆಗೆಂದು ಕಡಿಸಿದ ಕಟ್ಟಿಗೆ ಇತ್ತು.