ಮಂಗಲಪೇಟೆಯ ಕ್ರಿಸ್ಮಸ್ಸೂ ಅಕ್ಕೋರ ತಾಟೂ

ಡಿಸೆಂಬರ್ ಬಂತೆಂದರೆ ನಮ್ಮ ಚಿಂತಾಕಿಯ ಕಡೆ ಹೊಲದಲ್ಲಿ ತೊಗರಿ ಕಾಯಿ ಬಲಿತಿರುತ್ತದೆ. ಬೆಳಗಿನ ಚಳಿಗೆ ಕೌದಿಯೊಳಗಿಂದ ಕೈ ಹೊರಗೆ ತೆಗೆಯಲು ಮನಸ್ಸೇ ಆಗುವುದಿಲ್ಲ. ಔರಾದ ತಾಲ್ಲೂಕಿನ ಗಡಿ ಸೀಮೆ ನಮ್ಮದು. ಸಂತೆಗೆ ಹೋದರೆ ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಈ ತಿಂಗಳು ನಮಗೆಲ್ಲ ಎಳ್ಳಮಾಸಿಯ ತಯಾರಿಯ ತಿಂಗಳು. ಆದರೆ ನಮ್ಮ ಬಾಜೂಮನೆಯಲ್ಲಿ ಮಾತ್ರ ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಒಂದು ದೊಡ್ಡ ನಕ್ಷತ್ರ ಮಾಡಿ, ಒಳಗೆ ಬಲ್ಬು ಹಾಕಿ, ಮಾಳಿಗೆಯ ಮೇಲೆ ಕೋಲಿಗೆ ಕಟ್ಟುತ್ತಾರೆ. ಅದು ಅಕ್ಕೋರ ಮನೆ.

ಅಕ್ಕೋರು ಅಂದರೆ ಶಾಲೆಯ ಟೀಚರು. ನಾನು ಮದುವೆಯಾಗಿ ಬಂದ ಎರಡು ಮೂರು ವರ್ಷಕ್ಕೆ ಅವರು ನಮ್ಮೂರ ಶಾಲೆಗೆ ಬಂದರು. ಆಮೇಲೆ ಅಕ್ಕಪಕ್ಕದ ಊರುಗಳಿಗೆ ವರ್ಗವಾದರೂ ಈ ಮನೆ ಬಿಡಲಿಲ್ಲ. ಅವರ ತವರು ಬೀದರಿನ ಮಂಗಲಪೇಟೆ. ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಒಂದು ಸ್ಟೀಲಿನ ತಾಟಿನಲ್ಲಿ ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿ, ಎರಡು ತುಂಡು ಕೇಕು ಇಟ್ಟು, ಮೇಲೆ ಕ್ರೋಶಾದಲ್ಲಿ ಹೆಣೆದ ಬಟ್ಟೆ ಮುಚ್ಚಿ ನಮ್ಮ ಮನೆಗೆ ತಂದುಕೊಡುತ್ತಿದ್ದರು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು, ಸೋದರಿಯರೇ. ಆ ತಾಟು ಎಷ್ಟೋ ವರ್ಷ ನಮ್ಮ ಮನೆಯ ಹೊಸ್ತಿಲು ದಾಟಲಿಲ್ಲ. ನಮ್ಮ ಅತ್ತೆಯವರು ನಗುನಗುತ್ತಲೇ ತೆಗೆದುಕೊಂಡು ಕಟ್ಟೆಯ ಮೇಲೆ ಇಡುತ್ತಿದ್ದರು. ಅಕ್ಕೋರು ಮರೆಯಾದ ಮೇಲೆ ಎಲ್ಲ ಎಮ್ಮೆಯ ಬಾನಿಗೆ ಬೀಳುತ್ತಿತ್ತು. ದೇವರು ಬೇರೆಯಾದರೇನು, ಹಿಂದಿನ ಕೇರಿ ಯಾವುದೆಂಬುದನ್ನು ಊರು ಮರೆಯುವುದಿಲ್ಲ ನೋಡಿ. ತಾಟು ತೊಳೆದು, ಬರಿದು ಕೊಡಬಾರದೆಂದು ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಹಿಂದಕ್ಕೆ ಕೊಡುವ ಕೆಲಸ ನನ್ನದು. ‘ಕರ್ಚಿಕಾಯಿ ಭಾಳ ಚಲೋ ಆಗಿದ್ವು ಅಕ್ಕೋರೆ’ ಅಂತ ಸುಳ್ಳು ಹೇಳುವ ಕೆಲಸವೂ ನನ್ನದೇ.

ನನ್ನ ಮಗಳು ಒಂದನೇ ಈಯತ್ತೆಯಲ್ಲಿದ್ದಾಗ ಈ ಪದ್ಧತಿ ಮುರಿಯಿತು. ಕಟ್ಟೆಯ ಮೇಲಿದ್ದ ತಾಟಿನ ಮುಂದೆ ಕುಳಿತು ಅವಳು ಕೇಕು ತಿಂದುಬಿಟ್ಟಳು. ಅಜ್ಜಿ ಗದರಿದ್ದಕ್ಕೆ, ‘ಅಕ್ಕೋರು ಬರದುಕೊಟ್ಟ ಪಾಟಿ ದಿನಾ ಒಳಗ ತರ್ತೀನಿ, ಅದಕ್ಕ ಏನೂ ಅನ್ನಂಗಿಲ್ಲಲ್ಲ?’ ಎಂದು ಕೇಳಿತು ಮಗು. ಅತ್ತೆಯವರು ಉತ್ತರ ಕೊಡಲಿಲ್ಲ. ಮುಂದಿನ ವರ್ಷದಿಂದ ತಾಟು ಒಳಗೆ ಬಂತು. ಹುಡುಗರು ತಿಂದರು, ನಾನೂ ತಿಂದೆ. ಅತ್ತೆ ಮಾತ್ರ ಮುಟ್ಟಲಿಲ್ಲ.

2024ರ ಡಿಸೆಂಬರಿನಲ್ಲಿ ಅಕ್ಕೋರು, ‘ಈ ಸಲ ನೀವೂ ಮಂಗಲಪೇಟಿಗಿ ಬರ್ರಿ ವೈನಿ, ಒಂದು ರಾತ್ರಿ ಇದ್ದು ಬರಾಮು’ ಎಂದು ಕರೆದರು. ನಮ್ಮವರು ‘ಹೋಗಿ ಬಾ’ ಎಂದರು. ಹೇಗೂ ಮಗಳು ಬೀದರಿನಲ್ಲೇ ಕಾಲೇಜು ಓದುತ್ತಾಳೆ. 24ರ ಮಧ್ಯಾಹ್ನ ಬಸ್ಸು ಹತ್ತಿದೆವು. ಸರ್ಕಾರದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಖರ್ಚಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಮಾಂಜ್ರಾ ನದಿ ದಾಟಿ ಬೀದರ ಮುಟ್ಟುವಷ್ಟರಲ್ಲಿ ಚಳಿ ಹಿಡಿದುಕೊಂಡಿತ್ತು.

ಬೀದರಿನ ಹಳೇ ಕೋಟೆಪೇಟೆಗೆ ಐದು ದರ್ವಾಜಾಗಳು. ಅದರಲ್ಲಿ ಮಂಗಲಪೇಟೆ ದರ್ವಾಜಾ ಒಂದು. ಆ ಕಡೆಗೆ ಕ್ರಿಸ್ತರ ಮನೆಗಳು, ಸೇಂಟ್ ಪಾಲ್ ಮೆಥಡಿಸ್ಟ್ ಚರ್ಚು. ನಾರ್ಮಾ ಫೆಂಡ್ರಿಕ್ ಎಂಬ ಹೆಣ್ಣುಮಗಳ ಹೆಸರಿನ ಶಾಲೆ ಬೀದರಿನವರಿಗೆಲ್ಲ ಗೊತ್ತು. ನಿಜಾಮರ ರಾಜ್ಯವಿದ್ದ ಕಾಲದಲ್ಲಿ, ಅಂದರೆ ನೂರು ವರ್ಷಕ್ಕೂ ಹಿಂದೆ, ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ಈ ಸೀಮೆಗೆ ಬಂದು ಶಾಲೆ, ದವಾಖಾನೆ ತೆರೆದರು. ಕ್ರಿಸ್ಮಸ್ಸಿನ ಗಿಡ, ತಾತ, ಕೇಕು ಎಲ್ಲ ಅವರ ಸಂಗಡವೇ ಬಂದಿರಬೇಕು ಎಂದು ನಾನು ತಿಳಿದಿದ್ದೆ. ಆದರೆ ಅವು ಅವರ ಊರಿನಲ್ಲಿಯೂ ಬಹಳ ಹಳೆಯವಲ್ಲ ಎಂಬುದು ಆ ರಾತ್ರಿ ತಿಳಿಯಿತು.

ಅಕ್ಕೋರ ತವರುಮನೆಯಲ್ಲಿ ಐದಾರು ಜನ ಹೆಂಗಸರು ನೆಲದ ಮೇಲೆ ಕುಳಿತು ಕರ್ಚಿಕಾಯಿ ತುಂಬುತ್ತಿದ್ದೆವು. ಸಾಯಂಕಾಲ ಹಾಸ್ಟೆಲಿನಿಂದ ಬಂದ ನನ್ನ ಮಗಳು ಕಾಲೇಜಿನ ಲೈಬ್ರರಿ ಪುಸ್ತಕ ಹಿಡಿದು ಓದಿ ಹೇಳುತ್ತಿದ್ದಳು. ಪಡಸಾಲೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಗಿಡಕ್ಕೆ ಹುಡುಗರು ಬಣ್ಣದ ಉಂಡೆ ತೂಗುಹಾಕುತ್ತಿದ್ದರು. ಹಿಂದೆಲ್ಲ ಸರ್ವೆ ಮರದ ಟೊಂಗೆ ತಂದು ಬಕೀಟಿನ ಮಣ್ಣಿನಲ್ಲಿ ನೆಡುತ್ತಿದ್ದರಂತೆ.

ಈ ಗಿಡದ ಪದ್ಧತಿ ಜರ್ಮನರದು. ಇಂಗ್ಲೆಂಡಿಗೆ ಅದು ಸೊಸೆಯ ಸಂಗಡ ಬಂತು ಅನ್ನಬಹುದು. ರಾಜ ಮೂರನೇ ಜಾರ್ಜನ ಹೆಂಡತಿ ಷಾರ್ಲೆಟ್ ಜರ್ಮನಿಯ ಹೆಣ್ಣು. ಅವಳು 1800ರಲ್ಲಿ ವಿಂಡ್ಸರ್‌ನಲ್ಲಿ ಮಕ್ಕಳಿಗಾಗಿ ಒಂದು ಗಿಡ ಸಿಂಗರಿಸಿದಳು. ಆಮೇಲೆ ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್, ಅವನೂ ಜರ್ಮನಿಯವನೇ. 1848ರಲ್ಲಿ ಲಂಡನ್ನಿನ ಪತ್ರಿಕೆಯೊಂದು ರಾಣಿಯ ಮನೆಮಂದಿ ಗಿಡದ ಸುತ್ತ ನಿಂತ ಚಿತ್ರ ಹಾಕಿತು. ಅಲ್ಲಿಂದ ಊರಿಗೆಲ್ಲ ಗಿಡದ ಹುಚ್ಚು. ಎರಡು ವರ್ಷದ ಮೇಲೆ ಅಮೆರಿಕದ ಹೆಂಗಸರ ಪತ್ರಿಕೆ ‘ಗೋಡೀಸ್ ಲೇಡೀಸ್ ಬುಕ್’ ಅದೇ ಚಿತ್ರವನ್ನು ಅಚ್ಚು ಹಾಕಿತು. ಆದರೆ ರಾಣಿಯ ತಲೆಯ ಕಿರೀಟ ತೆಗೆದು, ಆಲ್ಬರ್ಟನ ಮೀಸೆ ಬೋಳಿಸಿ, ಯಾವುದೋ ಅಮೆರಿಕದ ಸಂಸಾರ ಎನ್ನುವಂತೆ ಮಾಡಿತು! ನಾವೆಲ್ಲ ನಕ್ಕು ನಕ್ಕು ಸಾಕಾದೆವು. ನಾವು ಪತ್ರಿಕೆಯಲ್ಲಿ ನೋಡಿ ರವಿಕೆ ಹೊಲಿಸುವುದಿಲ್ಲವೇ, ಹಾಗೆಯೇ ಅವರೂ.

ಕೆಂಪಂಗಿಯ ತಾತನ ಕಥೆ ಕೇಳಿ ಮಾತ್ರ ನನಗೆ ಬೆರಗಾಯಿತು. ಮೂಲದಲ್ಲಿ ಅವನು ನಿಕೋಲಸ್ ಎಂಬ ಬಿಷಪ್. ಈಗಿನ ಟರ್ಕಿ ದೇಶದ ಮೈರಾ ಎಂಬ ಊರಿನಲ್ಲಿ 4ನೆಯ ಶತಮಾನದಲ್ಲಿದ್ದವನು. ಅವನ ಊರಿನ ಬಡವನೊಬ್ಬನಿಗೆ ಮೂವರು ಹೆಣ್ಣುಮಕ್ಕಳು. ವರದಕ್ಷಿಣೆಗೆ ಹಣವಿಲ್ಲದೆ ಅವರ ಬಾಳು ಹಾಳಾಗುವುದರಲ್ಲಿತ್ತು. ನಿಕೋಲಸ್ ಕತ್ತಲಲ್ಲಿ ಬಂದು, ತನ್ನ ಹೆಸರು ತಿಳಿಯದಂತೆ, ಕಿಟಕಿಯಿಂದ ಬಂಗಾರದ ಗಂಟು ಒಳಗೆ ಎಸೆದು ಹೋದನೆಂದು ಕಥೆ. ಅದು ಒಣಹಾಕಿದ್ದ ಕಾಲುಚೀಲದಲ್ಲಿ ಬಿತ್ತೆಂದೂ ಹೇಳುತ್ತಾರೆ. ಅದಕ್ಕೇ ಮಕ್ಕಳು ಕಾಲುಚೀಲ ತೂಗುಹಾಕುವುದಂತೆ. ಡಚ್ಚರ ಬಾಯಲ್ಲಿ ಅವನ ಹೆಸರು ‘ಸಿಂಟರ್‌ಕ್ಲಾಸ್’ ಆಗಿ, ಅಮೆರಿಕದಲ್ಲಿ ‘ಸಾಂಟಾ ಕ್ಲಾಸ್’ ಆಯಿತು. 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಪತ್ರಿಕೆಯೊಂದರಲ್ಲಿ ಬಂದ ಪದ್ಯವೊಂದು ಅವನಿಗೆ ಎಂಟು ಜಿಂಕೆಗಳ ಗಾಡಿ ಕೊಟ್ಟಿತು. 1863ರಿಂದ ಥಾಮಸ್ ನಾಸ್ಟ್ ಎಂಬ ಚಿತ್ರಗಾರ ಬರೆದ ಚಿತ್ರಗಳು ಅವನಿಗೆ ಹೊಟ್ಟೆ, ಗಡ್ಡ ಕೊಟ್ಟವು. ‘ಮೂರು ಹೆಣ್ಣಿನ ಮದುವಿ ಚಿಂತಿಯಿಂದ ಹುಟ್ಟಿದ ತಾತ ನೋಡ್ರಿ ಇವ’ ಎಂದರು ಅಕ್ಕೋರ ತಾಯಿ.

ಅಷ್ಟರಲ್ಲಿ ಹಾಡುವವರು ಬಂದರು. ಹಾರ್ಮೋನಿಯಂ, ತಬಲಾ, ತಾಳ, ನಮ್ಮ ಭಜನೆಯ ಧಾಟಿಯಲ್ಲೇ ಯೇಸುವಿನ ಹಾಡು. ಮನೆಯಿಂದ ಮನೆಗೆ ಹೋಗಿ ಹಾಡುವುದು, ಮನೆಯವರು ಚಹಾ ತಿಂಡಿ ಕೊಡುವುದು. ಇಂಗ್ಲೆಂಡಿನಲ್ಲಿ ಇದು ಮೊದಲು ಬಡವರ ಪದ್ಧತಿ. ಚಳಿಗಾಲದಲ್ಲಿ ಒಂದು ಬೋಗುಣಿ ಹಿಡಿದು ಸಿರಿವಂತರ ಬಾಗಿಲಲ್ಲಿ ಹಾಡಿ, ಮನೆಗೆ ಒಳ್ಳೆಯದಾಗಲಿ ಎಂದು ಹರಸಿ, ತಿನ್ನಲು ಕುಡಿಯಲು ಪಡೆಯುತ್ತಿದ್ದರು. ನಮ್ಮ ಉತ್ತರ ಕರ್ನಾಟಕದಲ್ಲಿ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಹಾಡಿ ಜೋಳ ಪಡೆಯುವುದಿಲ್ಲವೇ? ಅದರ ತಂಗಿಯೇ ಇದು.

ಕೇಕಿನ ಹಿಂದೆಯೂ ಹೀಗೇ. ಇಂಗ್ಲಿಷರ ಕ್ರಿಸ್ಮಸ್ ಪುಡಿಂಗು ಮೊದಲು ಗೋಧಿ ಬೇಯಿಸಿದ ಗಂಜಿ. ಅದಕ್ಕೆ ಮಾಂಸ, ಒಣದ್ರಾಕ್ಷಿ, ಮಸಾಲೆ ಸೇರಿ, ಕಾಲ ಸರಿದಂತೆ ಮಾಂಸ ಹೋಗಿ ಸಿಹಿ ಉಳಿಯಿತು. ಪುಡಿಂಗು ಕಲಸುವ ದಿನ ಮನೆಯವರೆಲ್ಲ ಒಬ್ಬೊಬ್ಬರಾಗಿ ಸೌಟು ತಿರುಗಿಸಿ ಮನಸ್ಸಿನಲ್ಲಿ ಒಂದು ಬಯಕೆ ನೆನೆಯಬೇಕು. ಒಳಗೆ ಒಂದು ಬೆಳ್ಳಿಯ ನಾಣ್ಯವನ್ನೂ ಹಾಕುತ್ತಿದ್ದರು, ಯಾರ ಪಾಲಿಗೆ ಬಂತೋ ಅವರ ಅದೃಷ್ಟ.

ಅಕ್ಕೋರು ಕುಕ್ಕರಿನಲ್ಲಿ ಮಾಡುವ ಕೇಕು ಇಲ್ಲಿ ಬರೆಯುತ್ತೇನೆ. ಒಂದು ಬಟ್ಟಲು ಒಣದ್ರಾಕ್ಷಿ, ಖರ್ಜೂರ, ಟೂಟಿಫ್ರೂಟಿ, ಗೋಡಂಬಿ ಚೂರುಗಳನ್ನು ಕಿತ್ತಳೆ ರಸದಲ್ಲಿ ರಾತ್ರಿ ನೆನೆಹಾಕಿ. ಕಾಲು ಬಟ್ಟಲು ಸಕ್ಕರೆಯನ್ನು ಕೆಂಪಗೆ ಕರಗಿಸಿ, ಹುಷಾರಾಗಿ ಕಾಲು ಬಟ್ಟಲು ಬಿಸಿನೀರು ಹಾಕಿ ಆರಲು ಬಿಡಿ. 100 ಗ್ರಾಂ ಬೆಣ್ಣೆ, ಒಂದು ಬಟ್ಟಲು ಸಕ್ಕರೆ ಪುಡಿ ನೊರೆ ಬರುವಂತೆ ತಿಕ್ಕಿ, 3 ಮೊಟ್ಟೆ ಒಂದೊಂದಾಗಿ ಸೇರಿಸಿ. ಒಂದೂವರೆ ಬಟ್ಟಲು ಮೈದಾ, ಒಂದೂವರೆ ಚಮಚ ಬೇಕಿಂಗ್ ಪೌಡರ್, ಚಿಟಿಕೆ ದಾಲ್ಚಿನ್ನಿ ಲವಂಗದ ಪುಡಿ ಜರಡಿ ಹಿಡಿದು ಹಾಕಿ, ಸಕ್ಕರೆ ಪಾಕ, ಹಣ್ಣು ಸೇರಿಸಿ ಒಂದೇ ದಿಕ್ಕಿಗೆ ಕಲಸಿ. ಕುಕ್ಕರಿನ ತಳಕ್ಕೆ ಒಂದು ಅಂಗುಲ ಉಪ್ಪು ಹರಡಿ, ಸೀಟಿ ಮತ್ತು ರಬ್ಬರು ತೆಗೆದು ಮುಚ್ಚಿ, ಹತ್ತು ನಿಮಿಷ ಕಾಯಿಸಿ. ತುಪ್ಪ ಸವರಿದ ಪಾತ್ರೆಗೆ ಹಿಟ್ಟು ಸುರಿದು ಒಳಗಿಟ್ಟು ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಿ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ನೆನಪಿಡಿ, ನೀರು ಹಾಕಬೇಡಿ!

ಮರುದಿನ ಬೆಳಿಗ್ಗೆ ಚರ್ಚಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಹೊಸ ಸೀರೆ, ಸೇವಂತಿಗೆ ದಂಡೆ, ಹಸುಗೂಸುಗಳ ಅಳು, ಕನ್ನಡದ ಪ್ರಾರ್ಥನೆ. ಹಬ್ಬದ ಆ ಗದ್ದಲ ನೋಡಿದರೆ ಇದನ್ನು ಒಂದು ಕಾಲಕ್ಕೆ ಕ್ರಿಸ್ತರೇ ನಿಲ್ಲಿಸಿದ್ದರೆಂದು ನಂಬಲಾಗಲಿಲ್ಲ. ಬೈಬಲಿನಲ್ಲಿ ಈ ಹಬ್ಬವಿಲ್ಲ, ಬರೀ ಕುಡಿತ ಕುಣಿತ ಎಂದು ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್ಮಸ್ಸನ್ನೇ ನಿಷೇಧಿಸಿತ್ತು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1659ರಿಂದ 1681ರವರೆಗೆ ಹಬ್ಬ ಮಾಡಿದವರಿಗೆ ಐದು ಷಿಲಿಂಗು ದಂಡ. ಆದರೂ ಜನ ಬಿಡಲಿಲ್ಲ.

ನಮ್ಮ ಸೀಮೆಗೆ ದೂರವಲ್ಲದ ತೆಲಂಗಾಣದ ಮೆದಕ್ ಚರ್ಚಿಗೂ ಅದೇ ದಿನ ನೂರು ವರ್ಷ ತುಂಬಿತೆಂದು ಅಲ್ಲಿ ಮಾತಾಡಿಕೊಳ್ಳುತ್ತಿದ್ದರು. 1924ರ ಡಿಸೆಂಬರ್ 25ರಂದು ತೆರೆದ, 175 ಅಡಿ ಎತ್ತರದ ಗೋಪುರವಿರುವ ಆ ಚರ್ಚನ್ನು ಕಟ್ಟಿಸಿದವರು ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ಪಾದ್ರಿ. ಬರಗಾಲದಲ್ಲಿ ಹಸಿದ ಜನಕ್ಕೆ ಧರ್ಮಕ್ಕೆ ಕೊಡುವ ಬದಲು ಕೆಲಸ ಕೊಟ್ಟು ಅನ್ನ ಹಾಕಿ ಕಟ್ಟಿಸಿದ್ದು ಅದು.

ಮಧ್ಯಾಹ್ನ ಉಂಡು ಬಸ್‌ಸ್ಟ್ಯಾಂಡಿಗೆ ಬರುವಾಗ ಮಗಳು ಇನ್ನೊಂದು ಸಂಗತಿ ಹೇಳಿದಳು. ಇಂಗ್ಲೆಂಡಿನಲ್ಲಿ 26ನೇ ತಾರೀಖಿಗೆ ‘ಬಾಕ್ಸಿಂಗ್ ಡೇ’ ಅನ್ನುತ್ತಾರೆ. ಹಬ್ಬದ ದಿನವೆಲ್ಲ ಧಣಿಗಳ ಮನೆಯಲ್ಲಿ ದುಡಿದ ಆಳುಗಳಿಗೆ ಮರುದಿನ ರಜೆ ಕೊಟ್ಟು, ಒಂದು ಪೆಟ್ಟಿಗೆಯಲ್ಲಿ ತಿಂಡಿ, ದುಡ್ಡು ಕೊಟ್ಟು ಅವರವರ ಮನೆಗೆ ಕಳಿಸುತ್ತಿದ್ದರು. ಅಂದರೆ ಅಲ್ಲಿಯೂ ಒಂದೇ ಪಂಕ್ತಿಯಲ್ಲಿ ಕೂಡಿಸುತ್ತಿರಲಿಲ್ಲ, ಹಂಚಿ ಕಳಿಸುತ್ತಿದ್ದರು. ಆ ಮಾತು ನನಗೆ ಚುಚ್ಚಿತು. ಬಸ್ಸು ಮಾಂಜ್ರಾ ದಾಟುವಾಗ ಅಕ್ಕೋರ ಕೈ ಹಿಡಿದು ಎಮ್ಮೆಯ ಬಾನಿಯ ವಿಷಯ ಹೇಳಿಬಿಟ್ಟೆ.

ಅವರು ಕಿಟಕಿಯ ಆಚೆ ನೋಡುತ್ತ, ‘ಗೊತ್ತಿತ್ತು ವೈನಿ. ಮೊದಲನೇ ವರ್ಷಾನೇ ಕಂಡಿದ್ದೆ’ ಎಂದರು.

‘ಮತ್ತ ಯಾಕ ಕೊಡತಾ ಬಂದ್ರಿ?’

‘ಹಬ್ಬ ನಮ್ದಲ್ರೀ? ಕೊಡೋದು ನಮ್ಮ ಕೆಲಸ. ಆದರ ನೀವು ಚಲೋ ಆಗಿದ್ವು ಅಂದಾಗೆಲ್ಲ ಭಾಳ ಕೆಟ್ಟ ಅನಿಸ್ತಿತ್ತು.’

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ತಪ್ಪು ಅತ್ತೆಯದೆಂದು ಇಷ್ಟು ವರ್ಷ ನಂಬಿದ್ದೆ.

ಐದು ದಿನಕ್ಕೆ, ಡಿಸೆಂಬರ್ 30ಕ್ಕೆ ಎಳ್ಳಮಾಸಿ. ನಮ್ಮ ಹೊಲಕ್ಕೆ ಅಕ್ಕೋರನ್ನು ಕರೆದೆ. ಮೊದಲೂ ಕರೆಯುತ್ತಿದ್ದೆವು, ಆದರೆ ಅವರ ಊಟ ಬದುವಿನ ಆಚೆ ಬೇವಿನ ಗಿಡದ ಕೆಳಗೆ ಆಗುತ್ತಿತ್ತು. ಈ ಸಲ ನಾನು ಅವರನ್ನು ನನ್ನ ಪಕ್ಕದಲ್ಲೇ, ಮನೆಯವರ ಸಾಲಿನಲ್ಲಿ ಕೂಡಿಸಿದೆ. ಅತ್ತೆಯವರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಗಡಿಗೆ ಎತ್ತಿಕೊಂಡು ಬಂದು, ಎಲ್ಲರಿಗೂ ಹಾಕಿದಂತೆ ಅಕ್ಕೋರ ತಾಟಿಗೂ ಬಜ್ಜಿ ಹಾಕಿ, ‘ಅಂಬಲಿ ಹಾಕ್ಲೇನು?’ ಎಂದು ಕೇಳಿದರು.

ಅತ್ತೆಯವರು ಅಕ್ಕೋರ ಮನೆಯ ಕೇಕು ಇನ್ನೂ ಬಾಯಿಗಿಟ್ಟಿಲ್ಲ. ವಯಸ್ಸಾದವರು, ನಾನೂ ಒತ್ತಾಯ ಮಾಡುವುದಿಲ್ಲ. ಆದರೆ ಈಗ ತಾಟು ಹಿಂದಕ್ಕೆ ಕೊಡುವಾಗ ನಾನು ಸುಳ್ಳು ಹೇಳುವುದಿಲ್ಲ. ಹೋದ ಸಲ ಚಕ್ಕುಲಿಗೆ ಉಪ್ಪು ಒಂದಿಷ್ಟು ಹೆಚ್ಚಾಗಿತ್ತು ಎಂದೆ. ಅಕ್ಕೋರು ಮನಸಾರೆ ನಕ್ಕರು.