‘ಪ್ಲೀಚ್’ ಎಂಬ ಚೂಟಿ ಪದ

ಸೈಕಲ್ಲಿನ ಚೈನು ಕಳಚಿಕೊಂಡಿದೆ. ಅಪ್ಪ ಪಾನಾ ಹುಡುಕುತ್ತಿರುವಾಗಲೇ ಪುಟ್ಟ ಮಗಳು ಒಂದು ಕಡ್ಡಿ ತಂದು, ಚೈನನ್ನು ಮೆಲ್ಲಗೆ ಎತ್ತಿ ಹಲ್ಲಿಗೆ ಕೂರಿಸಿಬಿಡುತ್ತಾಳೆ. ಉತ್ತರ ಜರ್ಮನಿಯ ಹ್ಯಾಂಬರ್ಗ್, ಬ್ರೆಮೆನ್ ಕಡೆಯ ಅಜ್ಜಿಯಾದರೆ ಇಂಥ ಮೊಮ್ಮಗಳನ್ನು ‘ಪ್ಲೀಚ್’ ಎಂದು ಮೆಚ್ಚಿಕೊಳ್ಳುತ್ತಾಳೆ. ಚುರುಕು, ಚೂಟಿ ಎಂದು ಅರ್ಥ. ಪರೀಕ್ಷೆಯ ಅಂಕಗಳಿಗಿಂತ ಸಮಯಕ್ಕೆ ಒದಗುವ ಬುದ್ಧಿಗೇ ಈ ಮಾತು ಹೆಚ್ಚು ಒಪ್ಪುತ್ತದೆ.

ಪದದ ಮೂಲ ಮಾತ್ರ ನಗು ತರಿಸುವಂಥದು. ಅದು ‘ಪೊಲೀಟಿಶ್’, ಅಂದರೆ ‘ರಾಜಕೀಯ’! ಚೂಟಿ ಮಗುವಿಗೂ ರಾಜಕೀಯಕ್ಕೂ ಎಲ್ಲಿಯ ನಂಟು? 17ನೆಯ ಶತಮಾನದ ಜರ್ಮನರಿಗೆ ಪೊಲೀಟಿಶ್ ಎಂದರೆ ಪಕ್ಷ, ಚುನಾವಣೆಗಳ ಸಂಗತಿಯಲ್ಲ. ಲೋಕವ್ಯವಹಾರ ಬಲ್ಲ, ಜಾಣ ಎಂಬ ಅರ್ಥವೂ ಅದಕ್ಕಿತ್ತು. ಕ್ರಿಸ್ಟಿಯಾನ್ ವೈಸೆ ಎಂಬ ಮೇಷ್ಟ್ರು 1677ರಲ್ಲಿ ಪ್ರಕಟಿಸಿದ ಭಾಷಣಕಲೆಯ ಪಠ್ಯದ ಹೆಸರಿನಲ್ಲೇ ಈ ಪದವಿದೆ. ವಿದ್ಯಾರ್ಥಿಗಳು ಲೋಕದಲ್ಲಿ ಬಾಳಲು ಬೇಕಾದ ಜಾಣ್ಮೆಯೇ ಆತನ ಕಾಳಜಿ.

ಪೊ-ಲೀ-ಟಿಶ್ ಎನ್ನುವಾಗ ಒತ್ತು ಬೀಳುವುದು ನಡುವಿನ ‘ಲೀ’ ಮೇಲೆ. ಉತ್ತರದವರ ‘ಪ್ಲಾಟ್’ ನುಡಿಯಲ್ಲಿ ಒತ್ತಿಲ್ಲದ ಸ್ವರಗಳು ಉದುರಿಹೋಗಿ ‘ಪ್ಲೀಚ್’ ಉಳಿಯಿತು. ಲ್ಯಾಂಟರ್ನ್ ಕನ್ನಡಿಗರ ಬಾಯಲ್ಲಿ ಸವೆದು ಲಾಂದ್ರವಾಗಲಿಲ್ಲವೇ, ಹಾಗೆ.

ಇನ್ನೂ ಹಿಂದೆ ಹೋದರೆ ಸಿಗುವುದು ನಗರ ಎಂಬರ್ಥದ ಗ್ರೀಕ್ ಪದ ‘ಪೋಲಿಸ್’. ಪೊಲೀಸರ ಹೆಸರೂ ಅಲ್ಲಿಂದಲೇ ಬಂದದ್ದು. ಸಂಸ್ಕೃತದ ‘ಪುರ’ವೂ ಅದರ ದಾಯಾದಿ ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಹಾಗಾದರೆ ವಿಜಯಪುರದ ಬಾಲಕ್ಕೂ ಹ್ಯಾಂಬರ್ಗಿನ ಚೂಟಿ ಹುಡುಗಿಗೂ ದೂರದ ಸಂಬಂಧ!

ಪ್ಲಾಟ್ ನುಡಿಯ ಕಥೆ ಮಾತ್ರ ಇಷ್ಟು ಹಗುರವಲ್ಲ. ಲ್ಯೂಬೆಕ್ ಮೊದಲಾದ ಬಂದರುಗಳ ವರ್ತಕರು ಒಂದು ಕಾಲಕ್ಕೆ ಇದರಲ್ಲೇ ಲೆಕ್ಕಪತ್ರ ಬರೆಯುತ್ತಿದ್ದರು. 16ನೆಯ ಶತಮಾನದಿಂದ ಕಚೇರಿ, ಚರ್ಚು, ಶಾಲೆಗಳಿಗೆ ಶಿಷ್ಟ ಜರ್ಮನ್ ಬಂತು. ಪ್ಲಾಟ್ ಹಳ್ಳಿಗರ ಮಾತೆನಿಸಿತು. 20ನೆಯ ಶತಮಾನದಲ್ಲಂತೂ ಎಷ್ಟೋ ತಂದೆತಾಯಿಗಳು ತಮ್ಮತಮ್ಮೊಳಗೆ ಪ್ಲಾಟ್ ಆಡುತ್ತ, ಮಕ್ಕಳತ್ತ ತಿರುಗಿದೊಡನೆ ಶಿಷ್ಟ ಜರ್ಮನ್‌ಗೆ ಹೊರಳುತ್ತಿದ್ದರು. ಮಗು ಶಾಲೆಯಲ್ಲಿ ಹಿಂದೆ ಬೀಳಬಾರದೆಂಬ ಆಸೆ. ಅವರನ್ನು ದೂರುವುದಾದರೂ ಹೇಗೆ? 1999ರಲ್ಲಿ ಜರ್ಮನಿಯು ಯುರೋಪಿನ ಭಾಷಾ ಒಡಂಬಡಿಕೆಯಡಿ ಪ್ಲಾಟ್‌ಗೆ ರಕ್ಷಣೆ ಕೊಡುವ ಹೊತ್ತಿಗೆ ಅನೇಕ ಮನೆಗಳಲ್ಲಿ ಅದು ಅಜ್ಜ-ಅಜ್ಜಿಯರಲ್ಲೇ ನಿಂತುಹೋಗಿತ್ತು.

ಆ ಮನೆಗಳ ಮೊಮ್ಮಕ್ಕಳಿಗೆ ಪ್ಲಾಟ್‌ನಲ್ಲಿ ಒಂದು ವಾಕ್ಯ ಕಟ್ಟಲು ಬಾರದು. ಅವರು ಜಾಣತನ ತೋರಿದಾಗ ಮೆಚ್ಚಲು ಮನೆಯವರ ಬಾಯಿಗೆ ಬರುವ ಪದ ಮಾತ್ರ ಇಂದಿಗೂ ‘ಪ್ಲೀಚ್’.